ಕ್ಯಾಡ್ ಕೆಲಸಕ್ಕೆ ಲ್ಯಾಪ್‌ಟಾಪ್: ಗೇಮಿಂಗೋ, ವರ್ಕ್‌ಸ್ಟೇಷನ್ನೋ, ಮ್ಯಾಕೋ?

ಪ್ರತಿ ವರ್ಷ ಸಿಇಟಿ ಸೀಟು ಹಂಚಿಕೆ ಮುಗಿಯುವ ಹೊತ್ತಿಗೆ ಈ ಪ್ರಶ್ನೆಗಳು ಶುರುವಾಗುತ್ತವೆ. “ಮಗಳಿಗೆ ಆರ್ಕಿಟೆಕ್ಚರ್ ಸೀಟು ಸಿಕ್ಕಿದೆ, ಮ್ಯಾಕ್‌ಬುಕ್ಕೇ ಬೇಕು ಅಂತಾಳೆ, ಕೊಡಿಸಲಾ?” “ಆಟೋಕ್ಯಾಡ್‌ಗೆ ಗೇಮಿಂಗ್ ಲ್ಯಾಪ್‌ಟಾಪೇ ಆಗಬೇಕು ಅಂತಾರೆ ಅಂಗಡಿಯವರು, ನಿಜವಾ ಸರ್?” “ಆಫೀಸಿನಲ್ಲಿ ವರ್ಕ್‌ಸ್ಟೇಷನ್ (ಡಿಸೈನ್ ಕೆಲಸಕ್ಕೆಂದೇ ಮಾಡಿದ ಯಂತ್ರ) ಇದೆ, ಮನೆಗೆ ಅದರ ಅರ್ಧ ದುಡ್ಡಿಗೆ ಏನು ಬರುತ್ತೆ?”

ಮೂವರಿಗೂ ನನ್ನ ಮರುಪ್ರಶ್ನೆ ಒಂದೇ: ಯಾವ ಸಾಫ್ಟ್‌ವೇರು, ಎಷ್ಟು ದೊಡ್ಡ ಫೈಲು? 30×40 ಸೈಟಿಗೆ ಪ್ಲಾನ್ ಬರೆಯುವವರು, ನೂರಾರು ಬಿಡಿಭಾಗಗಳ ಅಸೆಂಬ್ಲಿಯನ್ನು ತಿರುಗಿಸಿ ನೋಡುವವರು, ಅಪಾರ್ಟ್‌ಮೆಂಟಿನೊಳಗೆ ನಡೆದಾಡಿದಂತೆ ತೋರಿಸುವ ವಾಕ್‌ಥ್ರೂ ಮಾಡಿಕೊಡುವವರು, ಇವರೆಲ್ಲ ತಮ್ಮ ಕೆಲಸವನ್ನು ‘ಕ್ಯಾಡ್’ (ಕಂಪ್ಯೂಟರಿನಲ್ಲಿ ನಕ್ಷೆ, ಮಾಡೆಲ್ ಬರೆಯುವುದು) ಅಂತಲೇ ಕರೆಯುತ್ತಾರೆ. ಆದರೆ ಒಬ್ಬೊಬ್ಬರ ಕೆಲಸದಲ್ಲೂ ಯಂತ್ರದ ಬೇರೆ ಬೇರೆ ಭಾಗ ದುಡಿಯುತ್ತದೆ. ಇದನ್ನು ವಿಚಾರಿಸದೆ ಕೊಂಡವರಲ್ಲಿ ಹೆಚ್ಚಿನವರು ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಸುರಿದು, ರ್ಯಾಮ್ ಮತ್ತು ಸ್ಕ್ರೀನಿನಲ್ಲಿ ಉಳಿಸಲು ಹೋಗುತ್ತಾರೆ. ನನ್ನ ಅನಿಸಿಕೆಯಲ್ಲಿ ಬಹುಪಾಲು ಜನರಿಗೆ ಬೇಕಿರುವುದು ಇದರ ಉಲ್ಟಾ.

ಅಳೆಯುವ ಕೋಲು ಯಾವುದು

ಮೊದಲು ಪ್ರೊಸೆಸರ್. ಆಟೋಕ್ಯಾಡಿನಲ್ಲಿ ದೊಡ್ಡ ಸರ್ವೆ ಡ್ರಾಯಿಂಗ್ ಒಂದನ್ನು ತೆರೆದು, ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ಇಟ್ಟುಕೊಂಡು, ಒಂದು ಭಾರೀ ಹ್ಯಾಚ್ (ಜಾಗ ತುಂಬುವ ಗೆರೆಗಳು) ಹಾಕಿ ಅಥವಾ ಬ್ಲಾಕುಗಳನ್ನು (ಒಟ್ಟುಗೂಡಿಸಿದ ಚಿತ್ರಗಳನ್ನು) ಒಡೆದು ನೋಡಿ. ಕರ್ಸರ್ ಪಕ್ಕದಲ್ಲಿ ಚಕ್ರ ತಿರುಗುತ್ತಿರುತ್ತದೆ, ನೀವು ಕೈಕಟ್ಟಿ ಕೂತಿರುತ್ತೀರಿ, ಆದರೆ ಪ್ರೊಸೆಸರ್ ಬಳಕೆ ಹತ್ತು ಹದಿನೈದು ಪರ್ಸೆಂಟಿನ ಆಸುಪಾಸಿನಲ್ಲೇ ಇರುತ್ತದೆ. ಯಂತ್ರ ಸೋಮಾರಿಯಾಗಿದೆ ಅಂತಲ್ಲ. ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕಗಳಿಗೆ ಕೋರ್ ಅನ್ನುತ್ತಾರೆ; ಆಟೋಕ್ಯಾಡಿನ ಬಹುತೇಕ ಕೆಲಸ ಒಂದೇ ಕೋರ್ ಮೇಲೆ ನಡೆಯುತ್ತದೆ. ಆ ಒಂದು ಕೋರ್ ಏದುಸಿರು ಬಿಡುತ್ತಿದ್ದರೆ ಉಳಿದವು ಸುಮ್ಮನೆ ಕೂತಿರುತ್ತವೆ. ಯಂತ್ರಭಾಗಗಳ 3ಡಿ ಸಾಫ್ಟ್‌ವೇರಾದ ಸಾಲಿಡ್‌ವರ್ಕ್ಸಿನಲ್ಲಿ ಮಾಡೆಲ್ ರೀಬಿಲ್ಡ್ ಆಗುವಾಗಲೂ ಬಹುಮಟ್ಟಿಗೆ ಇದೇ ಕಥೆ, ಕಟ್ಟಡಗಳ 3ಡಿ ಸಾಫ್ಟ್‌ವೇರಾದ ರೆವಿಟ್‌ನಲ್ಲಿ ಗೋಡೆ ಜರುಗಿಸಿದಾಗಲೂ ಅಷ್ಟೇ. ಹಾಗಾಗಿ ಹದಿನಾರು ಕೋರ್, ಇಪ್ಪತ್ತು ಕೋರ್ ಅನ್ನುವ ಲೆಕ್ಕಕ್ಕಿಂತ ಒಂದೊಂದು ಕೋರ್ ಎಷ್ಟು ವೇಗವಾಗಿ ಓಡುತ್ತದೆ ಅನ್ನುವುದು ಮುಖ್ಯ. ಆಟೋಕ್ಯಾಡ್ ತಯಾರಿಸುವ ಆಟೋಡೆಸ್ಕ್ ಕಂಪನಿ ಶಿಫಾರಸು ಮಾಡುವುದು 3 ಗಿಗಾಹರ್ಟ್ಸ್ ಮೇಲಿನ ಮೂಲ ವೇಗ, 4ರ ಮೇಲಿನ ಟರ್ಬೊ ವೇಗ. ಹೆಚ್ಚು ಕೋರ್‌ಗಳು ನಿಜಕ್ಕೂ ಉಪಯೋಗಕ್ಕೆ ಬರುವುದು ಪ್ರೊಸೆಸರ್ ಮೇಲೆ ರೆಂಡರ್ ಮಾಡುವಾಗ (ಅಂದರೆ ಮಾಡೆಲ್ಲನ್ನು ಫೋಟೋದಂಥ ಚಿತ್ರವಾಗಿಸುವಾಗ) ಮತ್ತು ದೊಡ್ಡ ಅನಾಲಿಸಿಸ್ ಓಡಿಸುವಾಗ.

ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರ ನೋಡದೆ ದುಡ್ಡು ಕೊಡಬೇಡಿ. ಇಂಟೆಲ್‌ನಲ್ಲಿ ‘ಯು’ ಅಂದರೆ 15 ವ್ಯಾಟಿನ ಸುಮಾರಿನದು, ‘ಎಚ್’ ಅಂದರೆ 45, ‘ಎಚ್‌ಎಕ್ಸ್’ ಅಂದರೆ 55. ಎರಡರ ಮೇಲೂ ‘ಐ5’ ಅಂತಲೇ ಬರೆದಿದ್ದರೂ ಐ5-1335ಯು ಮತ್ತು ಐ5-13420ಎಚ್ ದಿನಪೂರ್ತಿ ದುಡಿಯುವಾಗ ಬೇರೆ ಬೇರೆ ಪ್ರಾಣಿಗಳು. ಎಎಂಡಿಯ 7000 ಸರಣಿಯಲ್ಲಿ ಇನ್ನೊಂದು ಚಮತ್ಕಾರ ಇದೆ. ಅಲ್ಲಿ ಮೂರನೇ ಅಂಕಿ ಕೋರಿನ ಪೀಳಿಗೆಯನ್ನು ಹೇಳುತ್ತದೆ. ರೈಜನ್ 5 7520ಯು ಅನ್ನುವುದರಲ್ಲಿ ಮೂರನೇ ಅಂಕಿ 2, ಅಂದರೆ ಹಳೆಯ ಝೆನ್ 2 ಕೋರ್. ರೈಜನ್ 7 7840ಎಚ್‌ಎಸ್‌ನಲ್ಲಿ ಅದು 4, ಅಂದರೆ ಝೆನ್ 4. ಇಬ್ಬರದ್ದೂ ‘7000 ಸರಣಿ’ಯೇ, ಅಂಗಡಿಯ ಬೋರ್ಡಿನ ಮೇಲೆ ಎರಡೂ ಹೊಸದೇ. ಮೊದಲನೆಯದು ಬಿಲ್ಲು ಬರೆಯಲು, ಸಿನಿಮಾ ನೋಡಲು ಸಾಕು. ಅದನ್ನು ಕ್ಯಾಡಿಗೆ ಕೊಂಡರೆ ಎರಡನೇ ಸೆಮಿಸ್ಟರಿಗೇ ಗೊಣಗಾಟ ಶುರು.

ಎರಡನೆಯದು ರ್ಯಾಮ್. ಆಟೋಕ್ಯಾಡಿನ ಇತ್ತೀಚಿನ ಆವೃತ್ತಿಗಳಿಗೆ ಕನಿಷ್ಠ 8 ಜಿಬಿ ಸಾಕು ಅಂತ ಆಟೋಡೆಸ್ಕ್ ಹೇಳಿದರೂ ಅವರದೇ ಶಿಫಾರಸು 32 ಜಿಬಿ. ನನ್ನ ಮಾತು ಇಷ್ಟು: ಎಂಟು ಜಿಬಿ ಈಗ ಕ್ಯಾಡಿಗೆ ಲೆಕ್ಕಕ್ಕಿಲ್ಲ, ಹದಿನಾರು ಕನಿಷ್ಠ, ರೆವಿಟ್ ಅಥವಾ ದೊಡ್ಡ ಅಸೆಂಬ್ಲಿ ಮುಟ್ಟುವವರಿಗೆ ಮೂವತ್ತೆರಡು. ರೆವಿಟ್ ಜೊತೆ ಕ್ರೋಮಿನ ಹತ್ತು ಟ್ಯಾಬು, ಒಂದು ದೊಡ್ಡ ಪಿಡಿಎಫ್, ಪಕ್ಕದಲ್ಲಿ ವಾಟ್ಸಾಪ್ ತೆರೆದಿರುವ ನಮ್ಮ ನಿಜವಾದ ಟೇಬಲ್ಲಿನಲ್ಲಿ ಹದಿನಾರು ಜಿಬಿ ಎಷ್ಟು ಬೇಗ ಮುಗಿಯುತ್ತದೆ ಅನ್ನುವುದನ್ನು ಯಾವ ಸ್ಪೆಸಿಫಿಕೇಷನ್ ಹಾಳೆಯೂ ಹೇಳುವುದಿಲ್ಲ. ರ್ಯಾಮ್ ಮುಗಿದಾಗ ವಿಂಡೋಸ್ ಡಿಸ್ಕಿಗೆ ಬರೆಯಲು ತೊಡಗುತ್ತದೆ, ಆಮೇಲೆ ಎಂಥ ಗ್ರಾಫಿಕ್ಸ್ ಕಾರ್ಡ್ ಇದ್ದರೂ ಕುಂಟಾಟ ತಪ್ಪದು.

ಇದರ ಜೊತೆಗೇ ಕೇಳಬೇಕಾದ ಇನ್ನೊಂದು ಮಾತು: ರ್ಯಾಮ್ ಬೋರ್ಡಿಗೆ ಬೆಸುಗೆ ಹಾಕಿದ್ದೋ, ಸ್ಲಾಟಿನಲ್ಲಿ ಕೂರಿಸಿದ್ದೋ? ತೆಳ್ಳನೆಯ ಲ್ಯಾಪ್‌ಟಾಪುಗಳಲ್ಲಿ ಈಗ ಬೆಸುಗೆಯೇ ಹೆಚ್ಚು. ಅಲ್ಲಿ ಕೊಳ್ಳುವಾಗ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ. ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಸಾಮಾನ್ಯವಾಗಿ ಎರಡು ಸ್ಲಾಟ್ ಇರುತ್ತದೆ. 2025ರ ಕೊನೆಯಿಂದ ರ್ಯಾಮ್ ಬೆಲೆ ಏರುತ್ತಲೇ ಹೋಗಿದ್ದರಿಂದ, “ಈಗ 8 ಜಿಬಿ ತಗೊಂಡು ಮುಂದೆ ಎಸ್‌ಪಿ ರೋಡಿನಲ್ಲಿ ಕಡಿಮೆಗೆ ಹಾಕಿಸ್ಕೊಳ್ಳೋಣ” ಅನ್ನುವ ಹಳೇ ಲೆಕ್ಕ ಮೊದಲಿನಷ್ಟು ಗಿಟ್ಟುವುದಿಲ್ಲ. ಆದರೂ ಒಂದು ಸ್ಲಾಟ್ ಖಾಲಿ ಇರುವುದು ಒಳ್ಳೆಯದೇ.

ಮೂರನೆಯದು ಗ್ರಾಫಿಕ್ಸ್. ಬರೀ 2ಡಿ ಡ್ರಾಫ್ಟಿಂಗಿಗೆ ಪ್ರೊಸೆಸರಿನ ಒಳಗೇ ಇರುವ ಗ್ರಾಫಿಕ್ಸ್ ಸಾಕು. ಈ ಮಾತು ಹೇಳಿದರೆ ಜನ ನಂಬುವುದಿಲ್ಲ, ಆದರೆ ಗೆರೆ ಎಳೆಯಲು ಎನ್‌ವಿಡಿಯಾದ ಆರ್‌ಟಿಎಕ್ಸ್ ಕಾರ್ಡ್ ಬೇಕಿಲ್ಲ. 3ಡಿ ಮಾಡೆಲಿಂಗಿಗೆ ಒಂದು ಸಾಧಾರಣ ಪ್ರತ್ಯೇಕ ಕಾರ್ಡ್ ಇದ್ದರೆ ತಿರುಗಿಸುವುದು ನುಣ್ಣಗಾಗುತ್ತದೆ. ಲುಮಿಯಾನ್, ಎನ್‌ಸ್ಕೇಪ್, ಡಿ5, ಟ್ವಿನ್‌ಮೋಷನ್ ಥರದ ರಿಯಲ್‌ಟೈಮ್ ರೆಂಡರಿಂಗಿಗೆ ಮಾತ್ರ ಕಾರ್ಡೇ ದೇವರು. ಅಲ್ಲಿ ನೋಡಬೇಕಾದದ್ದು ಕಾರ್ಡಿನ ಸ್ವಂತ ಮೆಮೊರಿ, ಅಂದರೆ ವಿರ್ಯಾಮ್. ಮರ, ಕಾರು, ಸೋಫಾ, ಹುಲ್ಲು, ದೊಡ್ಡ ಟೆಕ್ಸ್ಚರ್ ಎಲ್ಲವೂ ಅದರೊಳಗೆ ಹಿಡಿಸಬೇಕು; ಹಿಡಿಸದಿದ್ದರೆ ನಿಧಾನವಾಗುತ್ತದೆ ಇಲ್ಲವೇ ಸಾಫ್ಟ್‌ವೇರ್ ಮುಚ್ಚಿಕೊಳ್ಳುತ್ತದೆ. 4 ಜಿಬಿ ಇಕ್ಕಟ್ಟು, 6 ಜಿಬಿ ಹೇಗೋ ನಡೆಯುತ್ತದೆ, 8 ಜಿಬಿ ಇದ್ದರೆ ನೆಮ್ಮದಿ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 2050ರಲ್ಲಿ 4, 3050ರಲ್ಲಿ 4 ಅಥವಾ 6, 4050ರಲ್ಲಿ 6, 4060, 5050 ಮತ್ತು 5060ರಲ್ಲಿ 8 ಜಿಬಿ ಇರುತ್ತದೆ.

ಒಂದೇ ಹೆಸರಿನ ಕಾರ್ಡ್ ಎರಡು ಲ್ಯಾಪ್‌ಟಾಪುಗಳಲ್ಲಿ ಒಂದೇ ಥರ ಓಡುವುದಿಲ್ಲ ಅನ್ನುವುದೂ ನೆನಪಿರಲಿ. 4050 ಕಾರ್ಡಿಗೆ ಎನ್‌ವಿಡಿಯಾ 35ರಿಂದ 115 ವ್ಯಾಟಿನವರೆಗೆ ಅವಕಾಶ ಕೊಟ್ಟಿದೆ. ಲ್ಯಾಪ್‌ಟಾಪ್ ತಯಾರಕರು ಎಷ್ಟಕ್ಕೆ ಕಟ್ಟಿ ಹಾಕಿದ್ದಾರೋ ಅಷ್ಟೇ ಅದರ ಬಲ. ತೆಳ್ಳಗಿನ, ಚಂದದ, ಹೆಚ್ಚು ಬೆಲೆಯ ಯಂತ್ರದಲ್ಲಿ ಅದು 50 ವ್ಯಾಟಿನಲ್ಲಿ ತೂಕಡಿಸುತ್ತಿರಬಹುದು, ದಪ್ಪನೆಯ ಅಗ್ಗದ ಯಂತ್ರದಲ್ಲಿ 100 ದಾಟಿ ಓಡುತ್ತಿರಬಹುದು. ಈ ಅಂಕಿ ಅಂಗಡಿಯ ಬೋರ್ಡಿನ ಮೇಲೆ ಇರುವುದಿಲ್ಲ. ಕಂಪನಿಯ ವೆಬ್‌ಸೈಟಿನಲ್ಲಿ ಆ ಮಾಡೆಲ್ಲಿನ ಪೂರ್ತಿ ವಿವರ ತೆರೆದು ಹುಡುಕಬೇಕು.

ನಾಲ್ಕನೆಯದು ಸ್ಕ್ರೀನ್, ಎಲ್ಲರೂ ಮರೆಯುವ ವಸ್ತು. ಅಗ್ಗದ ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ‘45 ಪರ್ಸೆಂಟ್ ಎನ್‌ಟಿಎಸ್‌ಸಿ’ ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಅಂದರೆ ಎಸ್‌ಆರ್‌ಜಿಬಿ ಅನ್ನುವ ಸಾಮಾನ್ಯ ಮಾನದಂಡದ ಬಣ್ಣಗಳಲ್ಲಿ ಸುಮಾರು ಅರುವತ್ತೆರಡು ಪರ್ಸೆಂಟನ್ನು ಮಾತ್ರ ಅದು ತೋರಿಸಬಲ್ಲದು. ಇಂಥ ಸ್ಕ್ರೀನುಗಳಲ್ಲಿ ಸಾಮಾನ್ಯವಾಗಿ ಬೆಳಕೂ ಕಡಿಮೆ. ಡ್ರಾಯಿಂಗಿನಲ್ಲಿ ಇದು ಹೇಗೆ ಕಾಣಿಸಿಕೊಳ್ಳುತ್ತದೆ ಗೊತ್ತೇ? ಕಪ್ಪು ಹಿನ್ನೆಲೆಯ ಮೇಲೆ 8ನೇ ಬಣ್ಣದ, ಅಂದರೆ ಕಡು ಬೂದಿಯ ಲೇಯರಿನಲ್ಲಿ ಹಾಕಿದ ಫರ್ನಿಚರ್ ಮತ್ತು ಹ್ಯಾಚ್ ಕಣ್ಣಿಗೇ ಬೀಳುವುದಿಲ್ಲ. ಇಂಟೀರಿಯರ್ ಮಾಡುವವರಾದರೆ ಕ್ಲೈಂಟಿಗೆ ತೋರಿಸಿದ ತೇಗದ ಬಣ್ಣ ಒಂದು, ಪ್ರಿಂಟಿನಲ್ಲಿ ಬಂದದ್ದು ಇನ್ನೊಂದು. ‘100 ಪರ್ಸೆಂಟ್ ಎಸ್‌ಆರ್‌ಜಿಬಿ’, ಕನಿಷ್ಠ 300 ನಿಟ್ಸ್ ಬೆಳಕು ಇರುವುದನ್ನೇ ಹುಡುಕಿ. ಅಳತೆ 15.6 ಅಥವಾ 16 ಇಂಚು. ಹದಿನಾಲ್ಕರಲ್ಲಿ ಟೂಲ್‌ಬಾರು, ಕಮಾಂಡ್ ಲೈನು, ಪ್ರಾಪರ್ಟೀಸ್ ಪ್ಯಾಲೆಟ್ಟು ಹೋಗಿ ಡ್ರಾಯಿಂಗಿಗೆ ಉಳಿಯುವ ಜಾಗ ಕೈಯಗಲ. 4ಕೆ ಸ್ಕ್ರೀನಿಗೆ ಮರುಳಾಗಬೇಡಿ. ಹಳೆಯ ಸಾಫ್ಟ್‌ವೇರುಗಳಲ್ಲಿ ಐಕಾನು ಇರುವೆಯಷ್ಟಾಗುತ್ತದೆ, ಬ್ಯಾಟರಿಯೂ ಬೇಗ ಖಾಲಿ.

ಉಳಿದವು ಚುಟುಕಾಗಿ. 512 ಜಿಬಿ ಎಸ್‌ಎಸ್‌ಡಿ ಮತ್ತು ಇನ್ನೊಂದನ್ನು ಹಾಕಲು ಖಾಲಿ ಸ್ಲಾಟ್. ಅಳತೆಗಳನ್ನು ಟೈಪಿಸುವವರಿಗೆ ಬಲಗಡೆ ನಂಬರ್ ಪ್ಯಾಡ್ ಇರುವ ಕೀಬೋರ್ಡ್. ನಿಮ್ಮೂರಿನ ಪಿನ್‌ಕೋಡಿಗೆ ಮನೆಗೇ ಬಂದು ರಿಪೇರಿ ಮಾಡುವ ಸೇವೆ ಇದೆಯೇ ಅನ್ನುವುದು.

ತೆಳ್ಳನೆಯ ಲ್ಯಾಪ್‌ಟಾಪ್

ಪ್ರತ್ಯೇಕ ಗ್ರಾಫಿಕ್ಸ್ ಇಲ್ಲದ, ಒಂದೂವರೆ ಕಿಲೋ ಆಸುಪಾಸಿನ ಯಂತ್ರಗಳು ಇವು. ಇವನ್ನು ಕ್ಯಾಡಿಗೆ ಆಗುವುದೇ ಇಲ್ಲ ಅಂತ ತಳ್ಳಿಹಾಕುವುದು ವಾಡಿಕೆ, ನಾನು ಹಾಗೆ ಹೇಳಲಾರೆ. ಮನೆ ಪ್ಲಾನ್, ಪಂಚಾಯಿತಿ ಅಥವಾ ಪಾಲಿಕೆಗೆ ಕೊಡುವ ಡ್ರಾಯಿಂಗ್, ಎಲೆಕ್ಟ್ರಿಕಲ್ ಲೇಔಟ್, ಸೈಟಿನಲ್ಲಿ ನಿಂತು ಅಳತೆ ತಿದ್ದುವುದು ಇಷ್ಟೇ ಕೆಲಸವಾದರೆ ‘ಎಚ್’ ಅಥವಾ ‘ಎಚ್‌ಎಸ್’ ಪ್ರೊಸೆಸರ್, 16 ಜಿಬಿ ರ್ಯಾಮ್ ಇರುವ ಒಳ್ಳೆಯ ತೆಳ್ಳನೆಯದು ಆರಾಮಾಗಿ ಸಾಗುತ್ತದೆ. ಎಎಂಡಿಯ 7840ಎಚ್‌ಎಸ್, 8845ಎಚ್‌ಎಸ್ ಥರದ ಚಿಪ್ಪುಗಳ ಒಳಗಿನ ಗ್ರಾಫಿಕ್ಸ್ ಸಣ್ಣ ಸ್ಕೆಚ್‌ಅಪ್ ಮಾಡೆಲ್ಲುಗಳನ್ನೂ ಎಳೆಯುತ್ತದೆ. ಆದರೆ ಒಳಗಿನ ಗ್ರಾಫಿಕ್ಸ್ ತನ್ನ ಮೆಮೊರಿಯನ್ನು ರ್ಯಾಮಿನಿಂದಲೇ ಕಡ ತಗೊಳ್ಳುವುದರಿಂದ ಇಲ್ಲಿ ರ್ಯಾಮ್ ಎರಡು ಚಾನೆಲ್ಲಿನಲ್ಲಿ ಇರಲೇಬೇಕು. ಒಂದೇ ಕಡ್ಡಿ 16ಕ್ಕಿಂತ ಎರಡು ಕಡ್ಡಿ 8 ವಾಸಿ.

ರೆಂಡರಿಂಗ್ ಆಸೆ ಸ್ವಲ್ಪ ಇದ್ದರೂ ಈ ದಾರಿಗೆ ಬರಬೇಡಿ.

ಗೇಮಿಂಗ್ ಲ್ಯಾಪ್‌ಟಾಪ್

ಕೊಟ್ಟ ರೂಪಾಯಿಗೆ ಸಿಗುವ ಬಲದ ಲೆಕ್ಕದಲ್ಲಿ ಇದನ್ನು ಮೀರಿಸುವ ಹೊಸ ಲ್ಯಾಪ್‌ಟಾಪ್ ಇಲ್ಲ. ವೇಗದ ಪ್ರೊಸೆಸರ್, ದೊಡ್ಡ ಫ್ಯಾನು, ಎರಡು ರ್ಯಾಮ್ ಸ್ಲಾಟ್, ನಂಬರ್ ಪ್ಯಾಡ್, 6 ಅಥವಾ 8 ಜಿಬಿಯ ಕಾರ್ಡ್. ಆರ್ಕಿಟೆಕ್ಚರ್, ಇಂಟೀರಿಯರ್ ಕಡೆಯವರಿಗೆ ಅಂಗಡಿಯವರು ಹೇಳುವ ಸಲಹೆ ಈ ಒಂದು ವಿಷಯದಲ್ಲಿ ಸರಿ. ಆಟಕ್ಕಾಗಿ ಬರೆದ ಡ್ರೈವರಿನ (ಕಾರ್ಡನ್ನು ನಡೆಸುವ ಸಾಫ್ಟ್‌ವೇರಿನ) ಬದಲು ಎನ್‌ವಿಡಿಯಾದ ‘ಸ್ಟುಡಿಯೋ ಡ್ರೈವರ್’ ಹಾಕಿಕೊಂಡರೆ ಇನ್ನೂ ಸ್ಥಿರ, ಅದಕ್ಕೆ ದುಡ್ಡಿಲ್ಲ.

ಇದರ ಕಷ್ಟಗಳು ಕೈಗೆತ್ತಿಕೊಂಡಾಗ ಗೊತ್ತಾಗುತ್ತವೆ. ಯಂತ್ರವೇ ಎರಡೂಕಾಲು ಕಿಲೋ, ಇಟ್ಟಿಗೆಯಂಥ ಚಾರ್ಜರ್ ಸೇರಿದರೆ ಮೂರರ ಹತ್ತಿರ. ಶೀಟುಗಳ ಟ್ಯೂಬು, ಮಾಡೆಲ್ಲಿನ ಡಬ್ಬ, ಜೊತೆಗೆ ಇದನ್ನೂ ಹೊತ್ತು ಬಿಎಂಟಿಸಿಯಲ್ಲಿ ನಿಂತು ಹೋಗುವ ಆರ್ಕಿಟೆಕ್ಚರ್ ವಿದ್ಯಾರ್ಥಿಗಳ ಹೆಗಲಿಗೆ ಆ ಲೆಕ್ಕ ಗೊತ್ತು. ಪ್ಲಗ್ ಕಿತ್ತರೆ ಬಲವೂ ಕುಸಿಯುತ್ತದೆ. ಬ್ಯಾಟರಿಯ ಮೇಲೆ ಕಾರ್ಡ್ ತನ್ನ ಪೂರ್ತಿ ವ್ಯಾಟಿನಲ್ಲಿ ಓಡುವುದೇ ಇಲ್ಲ, ರೆಂಡರಿಗೆ ಹಾಕಿದರೆ ಒಂದು ಗಂಟೆ ನಿಲ್ಲುವುದೂ ಕಷ್ಟ. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಊರಿನವರು ಯುಪಿಎಸ್ ಖರ್ಚನ್ನೂ ಸೇರಿಸಿಕೊಳ್ಳಿ. ಏಪ್ರಿಲ್ ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿ ಕಡೆ ಕೋಣೆಯೇ ಕಾದಿರುವಾಗ ಯಂತ್ರ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಕೆಳಗಡೆಯಿಂದ ಗಾಳಿ ಎಳೆಯುವ ಯಂತ್ರವನ್ನು ಹಾಸಿಗೆಯ ಮೇಲಿಟ್ಟು ರೆಂಡರಿಗೆ ಹಾಕಿ ಮಲಗುವವರನ್ನು ನೋಡಿದರೆ ನನಗೆ ಯಂತ್ರದ ಮೇಲೆ ಕನಿಕರ.

ಇನ್ನೊಂದು ಮಿತಿ ಮೆಕ್ಯಾನಿಕಲ್‌ನವರಿಗೆ ಮಾತ್ರ ಸಂಬಂಧಿಸಿದ್ದು. ಸಾಲಿಡ್‌ವರ್ಕ್ಸ್ ಜೀಫೋರ್ಸ್, ಅಂದರೆ ಗೇಮಿಂಗ್ ಲ್ಯಾಪ್‌ಟಾಪಿನ ಎನ್‌ವಿಡಿಯಾ ಕಾರ್ಡಿನ ಮೇಲೆ ಓಡುತ್ತದೆ, ಆದರೆ ಆ ಕಾರ್ಡ್ ಅವರ ಸರ್ಟಿಫೈಡ್ ಪಟ್ಟಿಯಲ್ಲಿಲ್ಲ. ಮಾಡೆಲ್ಲನ್ನು ನಿಜವಾದ ವಸ್ತುವಿನಂತೆ ಹೊಳೆಯಿಸುವ ರಿಯಲ್‌ವ್ಯೂ ಅನ್ನುವ ಸೌಲಭ್ಯ ಮಂಕಾಗಿ ಕೂತಿರುತ್ತದೆ, ಒತ್ತಿದರೂ ಏಳುವುದಿಲ್ಲ. ದೊಡ್ಡ ಅಸೆಂಬ್ಲಿಗಳಲ್ಲಿ ಆಗೀಗ ಅಂಚುಗಳು ತಪ್ಪಾಗಿ ಕಾಣುವುದು, ಆಯ್ಕೆ ಮಾಡಿದ ಮುಖ ಹೊಳೆಯದೇ ಇರುವುದು ಇಂಥ ಕಿರಿಕಿರಿಗಳಿಗೆ ದೂರು ಕೊಟ್ಟರೆ “ಸರ್ಟಿಫೈಡ್ ಕಾರ್ಡ್ ಹಾಕಿ” ಅಂತ ಉತ್ತರ ಬರುತ್ತದೆ. ಕಲಿಯುವವರಿಗೆ ಇದೇನೂ ದೊಡ್ಡದಲ್ಲ.

ಮೊಬೈಲ್ ವರ್ಕ್‌ಸ್ಟೇಷನ್

ಡೆಲ್‌ನ ಪ್ರಿಸಿಷನ್, ಎಚ್‌ಪಿಯ ಝೆಡ್‌ಬುಕ್, ಲೆನೋವೊದ ಥಿಂಕ್‌ಪ್ಯಾಡ್ ಪಿ ಸಾಲಿನವು. ಇವುಗಳಲ್ಲಿ ಆರ್‌ಟಿಎಕ್ಸ್ 500 ಏಡಾ, 1000 ಏಡಾ, 2000 ಏಡಾ ಎಂಬ ಹೆಸರಿನ ವೃತ್ತಿಪರ ಕಾರ್ಡುಗಳಿರುತ್ತವೆ. ಹಿಂದೆ ಕ್ವಾಡ್ರೊ ಅನ್ನುತ್ತಿದ್ದುದು ಇವನ್ನೇ. ಒಂದು ಸತ್ಯ ಮೊದಲೇ ಹೇಳಿಬಿಡುತ್ತೇನೆ: ಅದೇ ಬೆಲೆಯ ಗೇಮಿಂಗ್ ಲ್ಯಾಪ್‌ಟಾಪಿನ ಕಾರ್ಡಿಗೆ ಹೋಲಿಸಿದರೆ ಬರಿಯ ವೇಗದಲ್ಲಿ ಇವು ಹಿಂದೆ. 500 ಏಡಾದಲ್ಲಿ ಇರುವುದು 4 ಜಿಬಿ, 1000ದಲ್ಲಿ 6, 2000ದಲ್ಲಿ 8. ಲುಮಿಯಾನ್ ಓಡಿಸಲು ಇದನ್ನು ಕೊಂಡರೆ ಜೇಬಿಗೆ ಕತ್ತರಿ, ಕೈಗೆ ನಿರಾಸೆ.

ಹಾಗಾದರೆ ಯಾರಿಗೆ? ಪೀಣ್ಯದಲ್ಲೋ ಬೆಳಗಾವಿಯಲ್ಲೋ ಡೈ, ಮೋಲ್ಡ್, ಫಿಕ್ಸ್ಚರ್ ಡಿಸೈನ್ ಮಾಡಿ ಮಷಿನ್ನಿಗೆ ಪ್ರೋಗ್ರಾಂ ಕೊಡುವ, ಒಂದು ದಿನ ಸಾಫ್ಟ್‌ವೇರ್ ಕೈಕೊಟ್ಟರೆ ಆರ್ಡರ್ ತಪ್ಪುವ ಜನರಿಗೆ. ಅವರು ದುಡ್ಡು ಕೊಡುವುದು ವೇಗಕ್ಕಲ್ಲ, ತೊಂದರೆ ಕಡಿಮೆಯಾಗುವುದಕ್ಕೆ. ಸಾಲಿಡ್‌ವರ್ಕ್ಸ್, ಕ್ರಿಯೋ, ಎನ್‌ಎಕ್ಸ್, ಕ್ಯಾಟಿಯಾ ಕಂಪನಿಗಳು ಪರೀಕ್ಷಿಸಿ ಒಪ್ಪಿದ ಕಾರ್ಡ್ ಮತ್ತು ಡ್ರೈವರ್, ಮನೆಗೇ ಬರುವ ವಾರಂಟಿಯನ್ನು ಮೂರು ವರ್ಷಕ್ಕೆ ಪಡೆಯುವ ಅವಕಾಶ, ಹೆಚ್ಚು ರ್ಯಾಮ್ ತುಂಬಲು ಜಾಗ, ಗದ್ದಲವಿಲ್ಲದ ಮೈ. ಆಟೋಕ್ಯಾಡ್, ರೆವಿಟ್, ಸ್ಕೆಚ್‌ಅಪ್ಪಿಗೆ ಮಾತ್ರ ಬಳಸುವವರಿಗೆ ಇದರಲ್ಲಿ ಹೇಳಿಕೊಳ್ಳುವಂಥ ಲಾಭವಿಲ್ಲ. ಆಫೀಸೇ ಕೊಡಿಸಿದರೆ ಬೇಡ ಅನ್ನಬೇಡಿ.

ಹಳೆಯ ವರ್ಕ್‌ಸ್ಟೇಷನ್, ಅಂದರೆ ರೀಫರ್ಬಿಶ್ಡ್

ಐವತ್ತು ಸಾವಿರದೊಳಗೆ ಏನು ಮಾಡಲಿ ಅನ್ನುವವರಿಗೆ ನನ್ನ ಮೆಚ್ಚಿನ ದಾರಿ ಇದು, ಆದರೆ ಕಣ್ಣುಬಿಟ್ಟು ನಡೆಯಬೇಕಾದ ದಾರಿ. ಐಟಿ ಕಂಪನಿಗಳು ಗುತ್ತಿಗೆ ಮುಗಿದ ಮೇಲೆ ಬಿಡುವ ಯಂತ್ರಗಳು ಬೆಂಗಳೂರಿನ ಎಸ್‌ಪಿ ರೋಡಿನಲ್ಲೂ ಆನ್‌ಲೈನಿನಲ್ಲೂ ಸಿಗುತ್ತವೆ. ಕಟ್ಟುಮಸ್ತು ಮೈ, ಒಳ್ಳೆಯ ಕೀಬೋರ್ಡ್, ಕೆಲವದರಲ್ಲಿ ನಾಲ್ಕು ರ್ಯಾಮ್ ಸ್ಲಾಟ್.

ಇಲ್ಲಿ ಒಂದು ವರ್ಷದ ವ್ಯತ್ಯಾಸ ದೊಡ್ಡದು. ಥಿಂಕ್‌ಪ್ಯಾಡ್ ಪಿ52 ಮತ್ತು ಪಿ53 ಹೊರಗಿನಿಂದ ಅಣ್ಣತಮ್ಮಂದಿರ ಹಾಗೆ. ಪಿ52ರಲ್ಲಿ ಬಂದದ್ದು ಕ್ವಾಡ್ರೊ ಪಿ1000, ಪಿ2000, ಪಿ3200. ಈ ಕಾರ್ಡುಗಳ ಹೆಸರಿನ ‘ಪಿ’ ಅಂದರೆ ಪ್ಯಾಸ್ಕಲ್ ಪೀಳಿಗೆ. ಆ ಪೀಳಿಗೆಗೆ ಹೊಸ ಡ್ರೈವರ್ ಬಿಡುವುದನ್ನು ಎನ್‌ವಿಡಿಯಾ ನಿಲ್ಲಿಸಿದೆ, ಇನ್ನು ಬರುವುದು ಭದ್ರತೆಯ ತೇಪೆಗಳು ಮಾತ್ರ. ಪಿ53ರಲ್ಲಿ ಬಂದದ್ದು ಟಿ1000, ಟಿ2000 ಅಥವಾ ಆರ್‌ಟಿಎಕ್ಸ್ ಕಾರ್ಡ್. ಅವು ಟ್ಯೂರಿಂಗ್ ಪೀಳಿಗೆ, ಇನ್ನೂ ಬದುಕಿವೆ. ಪ್ರಿಸಿಷನ್ 5530 ಮತ್ತು 5540ರ ನಡುವೆಯೂ ಇದೇ ಗೆರೆ. ಮಾರುವವರು ಎರಡಕ್ಕೂ ‘ಕ್ವಾಡ್ರೊ ವರ್ಕ್‌ಸ್ಟೇಷನ್’ ಅಂತ ಒಂದೇ ಚೀಟಿ ಅಂಟಿಸಿರುತ್ತಾರೆ. ಕಾರ್ಡಿನ ಹೆಸರಿನಲ್ಲಿ ‘ಎಂ’ ಅಥವಾ ‘ಪಿ’ ಇದ್ದರೆ ಮುಂದೆ ನಡೆಯಿರಿ, ‘ಟಿ’ ಅಥವಾ ‘ಆರ್‌ಟಿಎಕ್ಸ್’ ಇದ್ದರೆ ಕೂತು ಚೌಕಾಸಿ ಮಾಡಿ.

ಪ್ರೊಸೆಸರಿನದೂ ಒಂದು ಗೆರೆ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಕೂರುವುದು, ಒಂದೆರಡು ಅಪವಾದ ಬಿಟ್ಟರೆ, ಇಂಟೆಲ್‌ನ ಎಂಟನೇ ಪೀಳಿಗೆಯಿಂದ ಮೇಲಕ್ಕೆ. ಆರನೇ, ಏಳನೇ ಪೀಳಿಗೆಯ ಐ7 ಎಷ್ಟೇ ಅಗ್ಗವಾಗಿ ಬಂದರೂ ಬೇಡ. ಬ್ಯಾಟರಿ ಸತ್ತಿದೆ ಅಂದುಕೊಂಡೇ ಬೆಲೆ ಕಟ್ಟಿ, ಹೊಸದಕ್ಕೆ ದುಡ್ಡು ಎತ್ತಿಡಿ. ಅಂಗಡಿಯ ಆರು ತಿಂಗಳ ವಾರಂಟಿ ಬಾಯಿಮಾತಾಗಿದ್ದರೆ ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಮ್ಯಾಕ್‌ಬುಕ್

ಸ್ಕ್ರೀನು, ಬ್ಯಾಟರಿ, ಮೌನ, ಒಂದು ಕೋರಿನ ವೇಗ, ಈ ನಾಲ್ಕರಲ್ಲೂ ಮ್ಯಾಕ್‌ಬುಕ್ಕಿಗೆ ಎದುರಾಳಿ ಕಡಿಮೆ. ಆಟೋಕ್ಯಾಡ್, ಫ್ಯೂಷನ್, ಸ್ಕೆಚ್‌ಅಪ್, ರೈನೋ, ಆರ್ಕಿಕ್ಯಾಡ್ ಎಲ್ಲವೂ ಮ್ಯಾಕಿಗೆ ಬರುತ್ತವೆ. ಇದೇ ನಿಮ್ಮ ಪಟ್ಟಿಯಾದರೆ ಸಂತೋಷವಾಗಿ ಕೊಳ್ಳಿ.

ತೊಡಕಿರುವುದು ಪಟ್ಟಿಯಲ್ಲಿ ಇಲ್ಲದವುಗಳಲ್ಲಿ. ರೆವಿಟ್ ಇಲ್ಲ, 3ಡಿಎಸ್ ಮ್ಯಾಕ್ಸ್ ಇಲ್ಲ, ಸಾಲಿಡ್‌ವರ್ಕ್ಸ್ ಇಲ್ಲ, ಸಿವಿಲ್ 3ಡಿ, ಇನ್ವೆಂಟರ್, ಕಟ್ಟಡದ ಬಲದ ಲೆಕ್ಕ ಹಾಕುವ ಇಟ್ಯಾಬ್ಸ್, ಸ್ಟಾಡ್ ಯಾವುದೂ ಇಲ್ಲ. ಲುಮಿಯಾನೂ ವಿಂಡೋಸಿಗೆ ಮಾತ್ರ. ಮ್ಯಾಕಿನ ಆಟೋಕ್ಯಾಡಿನಲ್ಲೂ ಆರ್ಕಿಟೆಕ್ಚರ್, ಮೆಕ್ಯಾನಿಕಲ್ ಥರದ ವಿಶೇಷ ಟೂಲ್‌ಸೆಟ್ಟುಗಳು ಸಿಗುವುದಿಲ್ಲ. ಹಿಂದೆ ಇಂಟೆಲ್ ಮ್ಯಾಕುಗಳಲ್ಲಿ ಬೂಟ್‌ಕ್ಯಾಂಪ್ ಹಾಕಿ ವಿಂಡೋಸ್ ಕೂರಿಸುವುದಿತ್ತು. ಆಪಲ್‌ನ ಸ್ವಂತ ಚಿಪ್ಪಿನ ಮ್ಯಾಕುಗಳಲ್ಲಿ ಆ ಬಾಗಿಲು ಮುಚ್ಚಿದೆ. ಮ್ಯಾಕಿನೊಳಗೇ ವಿಂಡೋಸ್ ಓಡಿಸುವ ಪ್ಯಾರಲಲ್ಸ್ ಹಾಕಿ ರೆವಿಟ್ ಎಬ್ಬಿಸುವವರು ಇದ್ದಾರೆ, ಆದರೆ ಸಬ್ಮಿಷನ್ ಹಿಂದಿನ ರಾತ್ರಿ ಅದನ್ನು ನಂಬಿ ಕೂರುವ ಧೈರ್ಯ ನನಗಂತೂ ಇಲ್ಲ. ಐದು ವರ್ಷದ ಬಿ.ಆರ್ಕ್‌ನಲ್ಲಿ ಒಂದಲ್ಲ ಒಂದು ಸೆಮಿಸ್ಟರಿನಲ್ಲಿ, ಇಲ್ಲವೇ ಇಂಟರ್ನ್‌ಶಿಪ್ಪಿನ ಆಫೀಸಿನಲ್ಲಿ ರೆವಿಟ್ ಎದುರಾಗುವುದು ಹೆಚ್ಚುಕಡಿಮೆ ಖಚಿತ. ಕೊಳ್ಳುವ ಮೊದಲು ಅದೇ ಕಾಲೇಜಿನ ಸೀನಿಯರ್ ಒಬ್ಬರನ್ನು ಕೇಳುವುದು ಯಾವ ವಿಮರ್ಶೆ ಓದುವುದಕ್ಕಿಂತ ಮೇಲು.

ಸ್ನ್ಯಾಪ್‌ಡ್ರ್ಯಾಗನ್ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪುಗಳ ಬಗ್ಗೆ ಒಂದೇ ಮಾತು: ಬ್ಯಾಟರಿ ಚೆನ್ನ, ಕ್ಯಾಡಿಗೆ ಬೇಡ. ಅದು ಎಆರ್‌ಎಂ ಬಗೆಯ ಪ್ರೊಸೆಸರ್; ವಿಂಡೋಸಿನ ಆಟೋಕ್ಯಾಡಿನಲ್ಲಿ ಎಆರ್‌ಎಂಗೆ ಬೆಂಬಲವಿಲ್ಲ ಅಂತ ಆಟೋಡೆಸ್ಕೇ ಬರೆದಿದೆ. ಬ್ರೌಸರಿನಲ್ಲೇ ನಡೆಯುವ ಆನ್‌ಶೇಪ್ ಒಂದನ್ನೇ ಬಳಸುವವರಿಗೆ ಮಾತ್ರ ಇದು, ಮ್ಯಾಕು, ಯಾವುದಾದರೂ ಸರಿ.

ಡೆಸ್ಕ್‌ಟಾಪ್ ಬಿಟ್ಟು ಯೋಚಿಸಲೇಬೇಕೇ?

ಲ್ಯಾಪ್‌ಟಾಪ್ ಕೇಳಿ ಬಂದವರಿಗೆ ಇದನ್ನು ಹೇಳಿದರೆ ಮುಖ ಸಪ್ಪಗಾಗುತ್ತದೆ. ಆದರೂ ದಿನಕ್ಕೆ ಎಂಟು ಗಂಟೆ ಒಂದೇ ಮೇಜಿನ ಮುಂದೆ ಕೂರುವವರು ಒಂದು ಲಕ್ಷವನ್ನು ಲ್ಯಾಪ್‌ಟಾಪಿಗೇ ಯಾಕೆ ಹಾಕಬೇಕು? ಅಷ್ಟೇ ದುಡ್ಡಿನ ಡೆಸ್ಕ್‌ಟಾಪ್ ಬಿಸಿಯಾಗಿ ಕುಗ್ಗುವುದಿಲ್ಲ, ಭಾಗಗಳನ್ನು ಒಂದೊಂದಾಗಿ ಬದಲಿಸಬಹುದು, 27 ಇಂಚಿನ ಮಾನಿಟರಿನಲ್ಲಿ ಶೀಟು ಪೂರ್ತಿ ಕಾಣುತ್ತದೆ, ಕುತ್ತಿಗೆಯೂ ನೆಟ್ಟಗಿರುತ್ತದೆ. ಸೈಟಿಗೆ ಹೋದಾಗ ಡ್ರಾಯಿಂಗ್ ತೆರೆದು ತೋರಿಸಲು ಹಳೆಯ ಸಣ್ಣ ಲ್ಯಾಪ್‌ಟಾಪೋ ಟ್ಯಾಬೋ ಸಾಕು. ಲ್ಯಾಪ್‌ಟಾಪೇ ಬೇಕಾದರೂ ಬಜೆಟ್ಟಿನಲ್ಲಿ ಒಂದು ಮಾನಿಟರಿಗೆ ಜಾಗ ಬಿಡಿ; ಕಾರ್ಡನ್ನು ಒಂದು ಮೆಟ್ಟಿಲು ಏರಿಸುವುದಕ್ಕಿಂತ ಅದು ಹೆಚ್ಚು ದಿನ ಉಪಯೋಗಕ್ಕೆ ಬರುತ್ತದೆ.

ಯಾರು ಏನು ಕೊಳ್ಳಬಹುದು

ಡಿಪ್ಲೊಮಾ ಅಥವಾ ವಿಟಿಯು ಮೊದಲ ವರ್ಷದವರು ಅವಸರ ಮಾಡಬೇಡಿ. ಕಂಪ್ಯೂಟರ್ ಏಡೆಡ್ ಎಂಜಿನಿಯರಿಂಗ್ ಡ್ರಾಯಿಂಗಿಗೆ ಕಾಲೇಜಿನ ಲ್ಯಾಬ್ ಇದೆ. ಅನೇಕ ಕಡೆ ಅಲ್ಲಿ ನಡೆಯುವ ಸಾಲಿಡ್ ಎಡ್ಜ್ ವಿದ್ಯಾರ್ಥಿಗಳಿಗೆ ಉಚಿತ, ಆಟೋಡೆಸ್ಕಿನ ಸಾಫ್ಟ್‌ವೇರುಗಳೂ ಅಷ್ಟೇ. 16 ಜಿಬಿ ರ್ಯಾಮಿನ ತೆಳ್ಳನೆಯದು ಅಥವಾ ಟಿ ಸರಣಿ ಕಾರ್ಡಿನ ಹಳೆಯ ವರ್ಕ್‌ಸ್ಟೇಷನ್ ಧಾರಾಳವಾಗಿ ಸಾಕು. ಯಾವ ಕಡೆ ಒಲವು ಅಂತ ಗೊತ್ತಾದ ಮೇಲೆ ದೊಡ್ಡ ಖರ್ಚು ಮಾಡಿ. ಸಿವಿಲ್‌ನವರು ಇಟ್ಯಾಬ್ಸ್, ಸ್ಟಾಡ್ ಕಡೆ ಹೋಗುವುದಾದರೆ ಕಾರ್ಡಿನ ದುಡ್ಡನ್ನು ಪ್ರೊಸೆಸರ್ ಮತ್ತು ರ್ಯಾಮಿಗೆ ತಿರುಗಿಸಲಿ.

ಆರ್ಕಿಟೆಕ್ಚರ್ ವಿದ್ಯಾರ್ಥಿಗಳಿಗೆ ನನ್ನ ಆಯ್ಕೆ 8 ಜಿಬಿ ಕಾರ್ಡಿನ, ಒಳ್ಳೆಯ ಸ್ಕ್ರೀನಿನ ಗೇಮಿಂಗ್ ಲ್ಯಾಪ್‌ಟಾಪ್. ಬಜೆಟ್ ಎಪ್ಪತ್ತೈದು ಎಂಬತ್ತು ಸಾವಿರಕ್ಕೇ ನಿಂತರೆ 6 ಜಿಬಿ ಕಾರ್ಡಿಗೆ ಇಳಿಯಿರಿ, ಆದರೆ 45 ಪರ್ಸೆಂಟ್ ಸ್ಕ್ರೀನಿಗೆ ಇಳಿಯಬೇಡಿ. ಸ್ವತಂತ್ರವಾಗಿ ಇಂಟೀರಿಯರ್ ಮಾಡುವವರಿಗೂ ಇದೇ, 32 ಜಿಬಿ ರ್ಯಾಮಿನೊಂದಿಗೆ. ಮನೆ ಪ್ಲಾನ್, ಎಸ್ಟಿಮೇಟ್ ಮಾಡುವ ಎಂಜಿನಿಯರುಗಳು ಕಾರ್ಡಿನ ಆಸೆ ಬಿಟ್ಟು ಪ್ರೊಸೆಸರು, ಮಾನಿಟರು ನೋಡಲಿ. ಸಾಲಿಡ್‌ವರ್ಕ್ಸಿನಲ್ಲಿ ಊಟ ಸಂಪಾದಿಸುವವರು ವರ್ಕ್‌ಸ್ಟೇಷನ್ನಿಗೇ ಹೋಗಲಿ, ಹೊಸದಕ್ಕೆ ಕೈ ಎಟುಕದಿದ್ದರೆ ಪಿ53 ಥರದ ಹಳೆಯದಕ್ಕೆ.

ಅಂಗಡಿಯಲ್ಲಿ ಮಾಡಬೇಕಾದ್ದು

ನಿಮ್ಮದೇ ಅತಿ ದೊಡ್ಡ ಫೈಲನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಡೆಮೊ ಯಂತ್ರದಲ್ಲಿ ಸಾಫ್ಟ್‌ವೇರ್ ಇಲ್ಲದಿದ್ದರೂ ಟಾಸ್ಕ್ ಮ್ಯಾನೇಜರ್ ಇದ್ದೇ ಇರುತ್ತದೆ: ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಒತ್ತಿದರೆ ಎಷ್ಟು ಸ್ಲಾಟಿನಲ್ಲಿ ಎಷ್ಟು ತುಂಬಿದೆ ಅಂತ ಕಾಣುತ್ತದೆ, ಜಿಪಿಯು ಒತ್ತಿದರೆ ಕಾರ್ಡಿನ ಹೆಸರು ಮತ್ತು ಅದರ ಸ್ವಂತ ಮೆಮೊರಿ. ಸ್ಕ್ರೀನಿನಲ್ಲಿ ಕಡು ಬೂದಿ ಗೆರೆಗಳಿರುವ ಒಂದು ಚಿತ್ರ ತೆರೆದು ಪಕ್ಕಕ್ಕೆ ಸರಿದು ನೋಡಿ.

ಮನೆಗೆ ತಂದ ಮೇಲೆ ಒಂದು ಕೆಲಸ ಬಾಕಿ. ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಅನೇಕ ಸಲ ಕ್ಯಾಡ್ ಸಾಫ್ಟ್‌ವೇರನ್ನು ಒಳಗಿನ ದುರ್ಬಲ ಗ್ರಾಫಿಕ್ಸ್ ಮೇಲೇ ಓಡಿಸುತ್ತಿರುತ್ತದೆ. ದುಡ್ಡು ಕೊಟ್ಟು ತಂದ ಕಾರ್ಡ್ ಸುಮ್ಮನೆ ಮಲಗಿರುತ್ತದೆ. ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ವಿಭಾಗದಲ್ಲಿ ಗ್ರಾಫಿಕ್ಸ್ ತೆರೆದು, ಆಟೋಕ್ಯಾಡನ್ನೋ ಸ್ಕೆಚ್‌ಅಪ್ಪನ್ನೋ ಸೇರಿಸಿ, ‘ಹೈ ಪರ್ಫಾರ್ಮೆನ್ಸ್’ ಆಯ್ಕೆ ಮಾಡಿ. ಆಟೋಕ್ಯಾಡಿನೊಳಗೆ ‘ಗ್ರಾಫಿಕ್ಸ್‌ಕಾನ್ಫಿಗ್’ ಕಮಾಂಡ್ ಕೊಟ್ಟರೆ ಯಾವ ಕಾರ್ಡಿನ ಮೇಲೆ ಓಡುತ್ತಿದೆ ಅಂತ ಅದೇ ಹೇಳುತ್ತದೆ. ಜೊತೆಗೆ ಚಕ್ರವನ್ನೇ ಗುಂಡಿಯಂತೆ ಒತ್ತಲು ಬರುವ ಐನೂರು ರೂಪಾಯಿಯ ಮೌಸ್ ತಗೊಳ್ಳಿ, ಟಚ್‌ಪ್ಯಾಡಿನಲ್ಲಿ ಪ್ಯಾನ್ ಮಾಡುತ್ತಾ ಯಾರೂ ಡ್ರಾಯಿಂಗ್ ಮುಗಿಸಲಾರರು. ಜಿಎಸ್‌ಟಿ ನೋಂದಣಿ ಇರುವವರು ಬಿಲ್ಲಿನಲ್ಲಿ ತಮ್ಮ ಸಂಖ್ಯೆ ಹಾಕಿಸುವುದನ್ನು ಮರೆಯಬೇಡಿ. ಲ್ಯಾಪ್‌ಟಾಪಿನ ಮೇಲಿನ 18 ಪರ್ಸೆಂಟ್ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ಟಾಗಿ ಪಡೆಯಬಹುದು, ಆ ದುಡ್ಡಿನಲ್ಲೇ ಮಾನಿಟರ್ ಬರುತ್ತದೆ.